ಅಪ್ಪನ ಕಿವಿ, ನನ್ನ ಆಂಪ್ಲಿಫೈಯರ್

"ಇದ್ರಲ್ಲಿ ಎಷ್ಟು ವಾಟ್ ಬರ್ತೈತೆ?"

ಎರಡು ತಿಂಗಳು ನಿದ್ದೆಗೆಟ್ಟು ಕಟ್ಟಿದ ಮಿನಿ ಪ್ರಾಜೆಕ್ಟನ್ನು ಮನೆಗೆ ತಂದು ಮೇಜಿನ ಮೇಲಿಟ್ಟಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ನಾನು ಹೆಮ್ಮೆಯಿಂದ "ನೂರು ಮಿಲಿವಾಟ್" ಅಂದೆ. ಅಪ್ಪ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ತನ್ನ 250 ವಾಟಿನ ಆಂಪ್ಲಿಫೈಯರ್ ನೋಡಿದ.

"ಮಿಲಿ ಅಂದ್ರೆ ಸಾವಿರದಲ್ಲಿ ಒಂದು ಅಲ್ವೇನ್ಲಾ? ಅಂದ್ರೆ ಒಂದು ವಾಟಿನಲ್ಲಿ ಹತ್ತನೇ ಒಂದು ಪಾಲು. ಅದಕ್ಕೆ ಬಿಇ ಓದಬೇಕಾಗಿತ್ತಾ?"

ಅಡುಗೆಮನೆಯಿಂದ ಅಮ್ಮ ನಕ್ಕಿದ್ದು ಕೇಳಿಸಿತು. ಅಂದರೆ ನನಗೆ ಕೇಳಿಸಿತು. ಅಪ್ಪನಿಗೆ ಕೇಳಿಸಿರಲಿಲ್ಲ ಅನ್ನುವುದು ನನಗೆ ಅವತ್ತು ಗೊತ್ತಿರಲಿಲ್ಲ.

ನಮ್ಮದು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಅಪ್ಪನದು ಮೈಕ್‌ಸೆಟ್ ವ್ಯಾಪಾರ. ಮದುವೆ, ಜಾತ್ರೆ, ಗಣೇಶನ ಹಬ್ಬ, ಶಾಲಾ ವಾರ್ಷಿಕೋತ್ಸವ, ಚುನಾವಣೆ ಪ್ರಚಾರ, ಎಲ್ಲಿ ಜನ ಸೇರುತ್ತಾರೋ ಅಲ್ಲಿ ಅಪ್ಪನ ಹಾರ್ನ್ ಕಟ್ಟಿರುತ್ತದೆ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ನನ್ನ ಶಾಲೆ ಫೀಸು, ಪಿಯುಸಿ ಟ್ಯೂಷನ್ನು, ಈಗಿನ ಹಾಸ್ಟೆಲ್ ಬಿಲ್ಲು ಎಲ್ಲವೂ ಆ ಹಾರ್ನಿನ ಬಾಯಿಂದಲೇ ಬಂದದ್ದು. ನಾನು ಎಲೆಕ್ಟ್ರಾನಿಕ್ಸ್ ತೆಗೆದುಕೊಂಡದ್ದಕ್ಕೂ ಅದೇ ಕಾರಣ. ಊರಿಗೆಲ್ಲ ಕೇಳಿಸುವ ಆಂಪ್ಲಿಫೈಯರ್ ಕಟ್ಟುವವನ ಮಗ ಒಬ್ಬನಿಗೇ ಕೇಳಿಸುವ ಆಂಪ್ಲಿಫೈಯರ್ ಕಟ್ಟಿದ್ದೇಕೆ? ಅದನ್ನೇ ಹೇಳುತ್ತೇನೆ.

ಗಾಯಕಿಯ ಉಸಿರು

ಕಳೆದ ವರ್ಷ ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೊಗೆ ಹೋಗುವ ಅವಕಾಶ ಸಿಕ್ಕಿತು. ನಮ್ಮ ಸೀನಿಯರ್ ಒಬ್ಬರು ಅಲ್ಲಿ ಸಹಾಯಕ ಸೌಂಡ್ ಎಂಜಿನಿಯರ್. ಮೇಜಿನ ಮೇಲೆ ಎರಡು ಸೂಜಿ ಮೀಟರ್ ಇರುವ ಒಂದು ಭಾರವಾದ ಪೆಟ್ಟಿಗೆ ಇತ್ತು. ಜರ್ಮನಿಯ ಎಸ್‌ಪಿಎಲ್ ಕಂಪನಿಯ ‘ಫೋನಿಟರ್’. ಕೇವಲ ಹೆಡ್‌ಫೋನ್ ಓಡಿಸುವುದಕ್ಕೆಂದೇ ಮಾಡಿದ ಆಂಪ್ಲಿಫೈಯರ್. ಅದರ ದೊಡ್ಡ ಮಾದರಿಗಳ ಬೆಲೆ ಲಕ್ಷ ರೂಪಾಯಿ ದಾಟುತ್ತದೆ ಅಂದಾಗ ನನಗೆ ನಗು ಬಂತು. ಮೊಬೈಲಿನಲ್ಲಿ ಪುಕ್ಕಟೆ ಬರುವ ಕೆಲಸಕ್ಕೆ ಲಕ್ಷವೇ?

ಸೀನಿಯರ್ ಏನೂ ಹೇಳಲಿಲ್ಲ. ತಲೆಗೆ ಹೆಡ್‌ಫೋನ್ ಹಾಕಿ ಒಂದು ಹಳೆಯ ಕನ್ನಡ ಚಿತ್ರಗೀತೆ ಹಚ್ಚಿದರು. ನಮ್ಮೂರ ಪ್ರತಿ ಮದುವೆಯಲ್ಲೂ ಅಪ್ಪ ಹಾಕುವ ಹಾಡು, ಸಾವಿರ ಸಲ ಕೇಳಿದ್ದೆ. ಆದರೆ ಚರಣ ಶುರುವಾಗುವ ಮೊದಲು ಗಾಯಕಿ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಾರೆ ಅನ್ನುವುದು ಅವತ್ತೇ ಗೊತ್ತಾಗಿದ್ದು. ಹಿಂದೆ ಎಲ್ಲೋ ಬಲಗಡೆ ಗೆಜ್ಜೆ ಸದ್ದು ಇತ್ತು. ತಬಲಾದವರ ಬೆರಳು ಚರ್ಮದ ಮೇಲೆ ಸರಿದಾಡುವುದೂ ಕೇಳಿಸುತ್ತಿತ್ತು. ಹಾಡು ಮುಗಿದ ಮೇಲೂ ನಾನು ಹೆಡ್‌ಫೋನ್ ತೆಗೆಯಲಿಲ್ಲ.

"ಇದನ್ನೇ ಕ್ರಿಟಿಕಲ್ ಲಿಸನಿಂಗ್ ಅನ್ನೋದು" ಅಂದರು ಸೀನಿಯರ್. "ಹಾಡು ಚೆನ್ನಾಗಿದೆಯಾ ಅಂತ ಕೇಳೋದಲ್ಲ. ಹಾಡಿನಲ್ಲಿ ಏನೇನಿದೆ, ಏನು ತಪ್ಪಿದೆ ಅಂತ ಕೇಳೋದು. ಮಿಕ್ಸಿಂಗ್ ಮಾಡೋವಾಗ ನನಗೆ ಸುಳ್ಳು ಹೇಳದ ಯಂತ್ರ ಬೇಕು."

ಬಸ್ಸಿನಲ್ಲಿ ವಾಪಸ್ ಬರುವಾಗಲೇ ತೀರ್ಮಾನವಾಗಿತ್ತು. ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ವಿಷಯ ಸಿಕ್ಕಿತ್ತು.

ಲಕ್ಷ ಎಲ್ಲಿ ಹೋಗುತ್ತದೆ?

ಹೆಡ್‌ಫೋನಿಗೂ ಆಂಪ್ಲಿಫೈಯರ್ ಬೇಕಾ ಅಂತ ನೀವೂ ಕೇಳಬಹುದು. ಮೊಬೈಲಿನೊಳಗೆ ಒಂದು ಪುಟ್ಟ ಆಂಪ್ಲಿಫೈಯರ್ ಇದ್ದೇ ಇದೆ. ಅದು ಅರ್ಧ ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. ನಮ್ಮ ಮಾಮೂಲಿ ಇಯರ್‌ಫೋನಿನ ಇಂಪೀಡೆನ್ಸ್ ಸುಮಾರು 32 ಓಮ್. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ಸುಮಾರು 8 ಮಿಲಿವಾಟ್ ಆಯಿತು. ಕಿವಿಗೆ ಅಷ್ಟು ಧಾರಾಳ. ಆದರೆ ಸ್ಟುಡಿಯೊಗಳಲ್ಲಿ ಬಳಸುವ ಸೆನ್‌ಹೈಸರ್ ಎಚ್‌ಡಿ 600 ಥರದ ಹೆಡ್‌ಫೋನು 300 ಓಮ್. ಬೇಯರ್‌ಡೈನಾಮಿಕ್ ಕಂಪನಿಯ ಕೆಲವು ಮಾದರಿಗಳು 600 ಓಮ್ ಇವೆ. 300 ಓಮಿಗೆ ಅದೇ ಅರ್ಧ ವೋಲ್ಟ್ ಕೊಟ್ಟರೆ ಸಿಗುವುದು 1 ಮಿಲಿವಾಟಿಗೂ ಕಡಿಮೆ. ಮೆಲ್ಲಗೆ ರೆಕಾರ್ಡ್ ಆದ ಹಳೆಯ ಹಾಡು ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲುವುದಿಲ್ಲ. ಏರಿಸಿದರೆ ಮೃದಂಗದ ಒಂದು ಜೋರು ಪೆಟ್ಟಿಗೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ನಾವು ಕ್ಲಿಪ್ಪಿಂಗ್ ಅನ್ನುವುದು ಅದನ್ನೇ.

ಫೋನಿಟರ್ ಮಾಡಿದವರು ಇದಕ್ಕೆ ಕಂಡುಕೊಂಡ ದಾರಿ ವಿಪರೀತದ್ದು. ಸಾಮಾನ್ಯ ಆಪ್-ಆಂಪ್ ಸರ್ಕಿಟ್‌ಗಳು ಪ್ಲಸ್ 15, ಮೈನಸ್ 15 ವೋಲ್ಟಿನಲ್ಲಿ ಓಡುತ್ತವೆ. ಅವರದು ಪ್ಲಸ್ 60, ಮೈನಸ್ 60. ಒಟ್ಟು 120 ವೋಲ್ಟ್. ಒಂದೇ ಎತ್ತು ಸಾಕಾಗುವ ಗಾಡಿಗೆ ನಾಲ್ಕು ಜೋಡಿ ಕಟ್ಟಿದ ಹಾಗೆ. ಯಾವ ಪೆಟ್ಟು ಬಂದರೂ ತಲೆ ತಗುಲುವುದಿಲ್ಲ.

ಎರಡನೆಯದು ಔಟ್‌ಪುಟ್ ಇಂಪೀಡೆನ್ಸ್. ಇದು ಕೇಳಲು ಪರೀಕ್ಷೆಯ ಎರಡು ಅಂಕದ ಪ್ರಶ್ನೆ ಥರ ಇದೆ, ಆದರೆ ಕಿವಿಗೆ ನೇರವಾಗಿ ತಟ್ಟುವ ವಿಷಯ. ಹೆಡ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. 32 ಓಮ್ ಅಂತ ಬರೆದಿದ್ದರೂ ಕೆಳಗಿನ ಒಂದು ಸ್ವರದಲ್ಲಿ ಅದು 64ಕ್ಕೆ ಏರಬಹುದು. ಆಂಪ್ಲಿಫೈಯರಿನ ಒಳಗಿನ ಪ್ರತಿರೋಧ 120 ಓಮ್ ಇದ್ದರೆ, ಆ ಸ್ವರ ಮಿಕ್ಕಿದ್ದಕ್ಕಿಂತ 4 ಡೆಸಿಬೆಲ್‌ಗೂ ಹೆಚ್ಚು ಉಬ್ಬುತ್ತದೆ. ಒಳಗಿನ ಪ್ರತಿರೋಧ ಬರೀ 1 ಓಮ್ ಇದ್ದರೆ ವ್ಯತ್ಯಾಸ 0.13 ಡೆಸಿಬೆಲ್. ಯಾರಿಗೂ ಗೊತ್ತಾಗುವುದಿಲ್ಲ. ಮೊದಲನೆಯದರಲ್ಲಿ ಕೇಳಿದವನು "ಆಹಾ, ಬೇಸ್ ಚೆನ್ನಾಗಿದೆ" ಅನ್ನುತ್ತಾನೆ. ಅದು ಹಾಡಿನಲ್ಲಿ ಇಲ್ಲದ ಬೇಸ್.

ಮೂರನೆಯದು ನನಗೆ ತುಂಬ ಹಿಡಿಸಿದ ವಿಷಯ, ಕ್ರಾಸ್‌ಫೀಡ್. ಎದುರಿಗೆ ಎರಡು ಸ್ಪೀಕರ್ ಇಟ್ಟು ಕೇಳುವಾಗ ಎಡಗಡೆ ಸ್ಪೀಕರಿನ ಸದ್ದು ಬಲಗಿವಿಗೂ ಬರುತ್ತದೆ. ತಲೆ ಸುತ್ತಿ ಬರಬೇಕಾದ್ದರಿಂದ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೂ ಕಡಿಮೆ ತಡವಾಗಿ, ಸ್ವಲ್ಪ ಮಂಕಾಗಿ ಬರುತ್ತದೆ. ಹೆಡ್‌ಫೋನಿನಲ್ಲಿ ಆ ದಾರಿಯೇ ಬಂದ್. ಎಡಗಿವಿಯದು ಎಡಗಿವಿಗೆ, ಬಲಗಿವಿಯದು ಬಲಗಿವಿಗೆ. ಅದಕ್ಕೇ ಹಾಡು ತಲೆಯೊಳಗೇ ನಡೆಯುತ್ತಿರುವ ಹಾಗೆ ಅನ್ನಿಸುವುದು. 1961ರಲ್ಲೇ ಬೆಂಜಮಿನ್ ಬಾವರ್ ಎಂಬ ಎಂಜಿನಿಯರ್ ಇದಕ್ಕೊಂದು ಸರ್ಕಿಟ್ ಸೂಚಿಸಿದ್ದರು. ಒಂದು ಕಡೆಯ ಸದ್ದನ್ನು ಸ್ವಲ್ಪ ಮಂಕು ಮಾಡಿ, ಸ್ವಲ್ಪ ತಡಮಾಡಿ ಇನ್ನೊಂದು ಕಡೆಗೆ ಬೆರೆಸುವುದು. ಫೋನಿಟರ್‌ನಲ್ಲಿ ಇದಕ್ಕೆಂದೇ ತಿರುಗಿಸುವ ಗುಂಡಿಗಳಿವೆ. ಸ್ಪೀಕರ್ ಯಾವ ಕೋನದಲ್ಲಿ ಇದ್ದಂತೆ ಕೇಳಬೇಕು ಅನ್ನುವುದನ್ನೂ ಆರಿಸಬಹುದು. ಅಷ್ಟೂ ಅನಲಾಗ್. ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್‌ಗಳಲ್ಲೇ ಮುಗಿಯುವ ಕೆಲಸ.

ಇದಕ್ಕಿಂತ ಮೇಲಿನದೂ ಇದೆ. ಸೆನ್‌ಹೈಸರ್ 1991ರಲ್ಲಿ ತಂದ ‘ಆರ್ಫಿಯಸ್’ನಲ್ಲಿ ಹೆಡ್‌ಫೋನಿನ ಜೊತೆಗೇ ವಾಲ್ವ್ ಆಂಪ್ಲಿಫೈಯರ್ ಬರುತ್ತಿತ್ತು. ಅದರ ಉತ್ತರಾಧಿಕಾರಿಯ ಆಂಪ್ಲಿಫೈಯರಿಗೆ ಅಮೃತಶಿಲೆಯ ಮೈ. ಮೊದಲು ಬಂದಾಗ ಬೆಲೆ ಸುಮಾರು 50 ಸಾವಿರ ಯೂರೊ ಇತ್ತು. ಆ ದುಡ್ಡಿಗೆ ಅಪ್ಪ ನಮ್ಮ ತಾಲ್ಲೂಕಿನ ಎಲ್ಲ ಮೈಕ್‌ಸೆಟ್‌ಗಳನ್ನೂ ಕೊಂಡು, ಸಾಗಿಸಲು ಒಂದು ಲಾರಿಯನ್ನೂ ಕೊಳ್ಳಬಹುದು.

ಇನ್ನೊಂದು ತುದಿಯಲ್ಲಿ ನನ್ನಂಥವರ ಹೀರೊ ಒಬ್ಬನಿದ್ದಾನೆ. 2011ರಲ್ಲಿ ಹೆಸರು ಹೇಳಿಕೊಳ್ಳದ ಒಬ್ಬ ವಿನ್ಯಾಸಕಾರ ‘ಓ2’ ಎಂಬ ಆಂಪ್ಲಿಫೈಯರಿನ ಪೂರ್ತಿ ನಕ್ಷೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಎರಡು 9 ವೋಲ್ಟ್ ಬ್ಯಾಟರಿ, ಕೆಲವೇ ಅಗ್ಗದ ಚಿಪ್ಪುಗಳು. ಸರಿಯಾಗಿ ಅಳೆದು ಕಟ್ಟಿದರೆ ಕಿವಿಗೆ ಗೊತ್ತಾಗುವಷ್ಟರ ಮಟ್ಟಿಗೆ ಸಾಚಾ ಆಂಪ್ಲಿಫೈಯರಿಗೆ ಲಕ್ಷ ಬೇಕಿಲ್ಲ ಅನ್ನುವುದು ಅವನ ವಾದ. ಮರುವರ್ಷ ಅವನು ಸದ್ದಿಲ್ಲದೆ ಮರೆಯಾದ. ಅವನ ನಕ್ಷೆ ನೋಡಿ ಧೈರ್ಯ ಬಂದೇ ನಾನು ಎಸ್.ಪಿ. ರಸ್ತೆಗೆ ಹೋದದ್ದು.

ಎಸ್.ಪಿ. ರಸ್ತೆಯಿಂದ ಹಾಸ್ಟೆಲಿಗೆ

ಬೆಂಗಳೂರಿನ ಎಸ್.ಪಿ. ರಸ್ತೆ ಗೊತ್ತಲ್ಲ, ಎಲೆಕ್ಟ್ರಾನಿಕ್ಸ್ ಹುಡುಗರ ಧರ್ಮಸ್ಥಳ! ಅಲ್ಲಿ ಎನ್‌ಇ5532 ಆಪ್-ಆಂಪ್, ಬಿಡಿ139–ಬಿಡಿ140 ಟ್ರಾನ್ಸಿಸ್ಟರ್ ಜೋಡಿ, 15-0-15 ಟ್ರಾನ್ಸ್‌ಫಾರ್ಮರ್, 7812, 7912 ರೆಗ್ಯುಲೇಟರ್ ಎಲ್ಲ ಸಿಕ್ಕವು. ಎನ್‌ಇ5532 ದಶಕಗಳಿಂದ ಸ್ಟುಡಿಯೊ ಮಿಕ್ಸರುಗಳಲ್ಲಿ ದುಡಿದ ಚಿಪ್ಪು, ಬೆಲೆ ಒಂದು ಪ್ಲೇಟ್ ಮಸಾಲೆದೋಸೆಗಿಂತ ಕಡಿಮೆ.

ಮೊದಲ ಸಲ ಹಚ್ಚಿದಾಗ ಹಾಡು ಕರಕರ ಅಂತು. ಟ್ರಾನ್ಸಿಸ್ಟರ್ ಜೋಡಿಯಲ್ಲಿ ಒಂದು ಅಲೆಯ ಮೇಲರ್ಧ ಎತ್ತುತ್ತದೆ, ಇನ್ನೊಂದು ಕೆಳಗಿನರ್ಧ. ಒಬ್ಬರಿಂದ ಇನ್ನೊಬ್ಬರಿಗೆ ಕೊಡ ಕೈ ಬದಲಾಗುವಾಗ ನೀರು ತುಳುಕುವ ಹಾಗೆ, ಸೊನ್ನೆಯ ಹತ್ತಿರ ಅಲೆ ಮುರಿಯುತ್ತದೆ. ಕ್ರಾಸ್‌ಓವರ್ ಡಿಸ್ಟಾರ್ಷನ್ ಎಂಬ ಪದವನ್ನು ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ, ಕಿವಿಯಲ್ಲಿ ಕೇಳಿದ್ದು ಅವತ್ತೇ. ಇಬ್ಬರೂ ಸದಾ ಸ್ವಲ್ಪ ಕರೆಂಟ್ ಹಿಡಿದೇ ಇರುವಂತೆ ಬಯಾಸ್ ಕೊಟ್ಟ ಮೇಲೆ ಹೋಯಿತು. ದುಬಾರಿ ‘ಕ್ಲಾಸ್ ಎ’ ಆಂಪ್ಲಿಫೈಯರುಗಳಲ್ಲಿ ಈ ಕರೆಂಟ್ ಎಷ್ಟು ಹೆಚ್ಚು ಅಂದರೆ ಯಾರೂ ಕೈಬಿಡುವ ಪ್ರಸಂಗವೇ ಬರುವುದಿಲ್ಲ. ಅದಕ್ಕೇ ಅವು ಹಾಡು ಇಲ್ಲದಾಗಲೂ ಬಿಸಿ ಬಿಸಿ.

ಹಾಸ್ಟೆಲಿನಲ್ಲಿ ಗೆಳೆಯರಿಗೆ ಪರೀಕ್ಷೆ ಇಟ್ಟೆ. ಮೊಬೈಲ್ ಒಂದು ಕಡೆ, ನನ್ನ ಡಬ್ಬಿ ಒಂದು ಕಡೆ. ಎಲ್ಲರೂ "ನಿಂದೇ ಸೂಪರ್ ಮಗಾ" ಅಂದರು. ರೂಮ್‌ಮೇಟ್ ಒಬ್ಬ ಮಾತ್ರ "ನಿಂದು ಜೋರಾಗಿದೆ, ಅಷ್ಟೇ" ಅಂದ. ಅವನು ಹೇಳಿದ್ದು ಸರಿ. ಸ್ವಲ್ಪ ಜೋರಾಗಿರುವುದು ನಮ್ಮ ಕಿವಿಗೆ ಚೆನ್ನಾಗಿರುವಂತೆ ಅನ್ನಿಸುತ್ತದೆ. ಮಾರನೇ ದಿನ ಲ್ಯಾಬಿನ ಸ್ಕೋಪ್ ಇಟ್ಟು ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಮತ್ತೆ ಕೇಳಿಸಿದೆ. ಸಾಧಾರಣ ಇಯರ್‌ಫೋನಿನಲ್ಲಿ ನಾನೇ ಹತ್ತಕ್ಕೆ ಐದು ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು! ಸೀನಿಯರ್ ಹತ್ತಿರ ಎರವಲು ತಂದ 300 ಓಮ್ ಹೆಡ್‌ಫೋನ್ ಹಾಕಿ, ಮೆಲ್ಲನೆಯ ಹಾಡು ಹಚ್ಚಿದಾಗ ಮಾತ್ರ ನನ್ನ ಡಬ್ಬಿ ಗೆದ್ದಿತು. ಸೋತ ಐದನ್ನೂ ರಿಪೋರ್ಟಿನಲ್ಲಿ ಬರೆದೆ. ಗೈಡ್ ಮೇಡಂ ಅದೊಂದು ಪುಟಕ್ಕೇ ಬೆನ್ನು ತಟ್ಟಿದರು.

ಸ್ಕೋಪಿನಲ್ಲಿ ಒಂದು ಸಣ್ಣ ಸಂಗತಿ ಇತ್ತು. ಹಾಡು ಇಲ್ಲದಾಗ ಗೆರೆ ಸ್ವಲ್ಪ ದಪ್ಪ ಕಾಣುತ್ತಿತ್ತು. ಪ್ರೋಬಿನ ನಾಯ್ಸ್ ಇರಬೇಕು ಅಂತ ಬಿಟ್ಟುಬಿಟ್ಟೆ.

"ಹಮ್ ಐತೆ ಕಣ್ಲಾ"

ಈಗ ಮತ್ತೆ ನಮ್ಮನೆಗೆ ಬನ್ನಿ. ಊಟ ಆಗಿ, ಬೀದಿಯೆಲ್ಲ ಮಲಗಿದ ಮೇಲೆ ಅಪ್ಪನ ತಲೆಗೆ ಹೆಡ್‌ಫೋನ್ ಹಾಕಿದೆ. ಹಾಡು ಹಚ್ಚುವುದಕ್ಕೆ ಮೊಬೈಲ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಪ್ಪ, "ಹಮ್ ಐತೆ ಕಣ್ಲಾ" ಅಂದ.

"ಇಲ್ಲಪ್ಪ, ಲ್ಯಾಬಲ್ಲಿ ಚೆಕ್ ಮಾಡಿದೀನಿ."

"ಫ್ಯಾನ್ ಆಫ್ ಮಾಡಿ ನೀನೇ ಕೇಳು."

ಕೇಳಿದೆ. ಇತ್ತು. ಜೇನುಹುಳ ಗೋಡೆಯಾಚೆ ಇದ್ದ ಹಾಗೆ, ಸಣ್ಣಗೆ. ಹಾಸ್ಟೆಲಿನ ಫ್ಯಾನು, ಕಾರಿಡಾರಿನ ಗಲಾಟೆಯಲ್ಲಿ ಒಂದು ದಿನವೂ ನನಗದು ಕೇಳಿಸಿರಲಿಲ್ಲ.

ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಟ್ರಾನ್ಸ್‌ಫಾರ್ಮರ್ ಹತ್ರ ವೈರ್ ಹೋಗಿದ್ರೆ ದಪ್ಪ ಹಮ್ ಬರ್ತೈತೆ. ಇದು ಅದಲ್ಲ. ಇದು ಒಂಚೂರು ಮೇಲೈತೆ, ಜುಂಯ್ ಅಂತೈತೆ. ಫಿಲ್ಟರ್ ಕಡೆ ಅರ್ತ್ ನೋಡು."

ನನಗೆ ಮೈ ಜುಮ್ಮೆಂದಿತು. ಅಪ್ಪ ಹೇಳಿದ್ದನ್ನು ನನ್ನ ಪುಸ್ತಕದ ಭಾಷೆಗೆ ತಂದರೆ ಹೀಗೆ: ನಮ್ಮ ಕರೆಂಟು 50 ಹರ್ಟ್ಸ್. ತಂತಿಯ ಮೇಲೆ ಟ್ರಾನ್ಸ್‌ಫಾರ್ಮರಿನ ನೆರಳು ಬಿದ್ದರೆ 50 ಹರ್ಟ್ಸಿನ ಹಮ್. ಬ್ರಿಡ್ಜ್ ರೆಕ್ಟಿಫೈಯರ್ ಆದ ಮೇಲೆ ಅದು ಎರಡರಷ್ಟಾಗಿ 100 ಹರ್ಟ್ಸ್. ಡಿಪ್ಲೊಮಾ ಕೂಡ ಓದದ ಅಪ್ಪ, ಕಿವಿಯಿಂದಲೇ ಅದು 50 ಅಲ್ಲ, 100 ಅಂತ ಹೇಳಿ, ತಪ್ಪು ಯಾವ ಭಾಗದಲ್ಲಿದೆ ಅನ್ನುವುದನ್ನೂ ತೋರಿಸಿದ್ದ.

ಡಬ್ಬಿ ಬಿಚ್ಚಿದೆವು. ನಾನು ಅರ್ತ್ ತಂತಿಯನ್ನು ಇನ್‌ಪುಟ್ಟಿನಿಂದ ಫಿಲ್ಟರ್ ಕೆಪಾಸಿಟರಿಗೆ, ಅಲ್ಲಿಂದ ಹೆಡ್‌ಫೋನ್ ಜ್ಯಾಕಿಗೆ ಸಾಲಾಗಿ ಎಳೆದಿದ್ದೆ. "ಅರ್ತನ್ನ ಹಾರದ ಥರ ಪೋಣಿಸಬಾರದು. ಎಲ್ಲಾನೂ ಒಂದೇ ಕಡೆ ತಂದು ಗಂಟು ಹಾಕು" ಅಂದ ಅಪ್ಪ. ಕೆಪಾಸಿಟರ್ ತುಂಬಿಕೊಳ್ಳುವಾಗ ಸೆಕೆಂಡಿಗೆ ನೂರು ಸಲ ದೊಡ್ಡ ಮಿಡಿತದ ಕರೆಂಟ್ ಆ ತಂತಿಯಲ್ಲೇ ಹರಿಯುತ್ತಿತ್ತು. ತಂತಿಯ ಪ್ರತಿರೋಧ 1 ಮಿಲಿ ಓಮ್, ಮಿಡಿತ 1 ಆಂಪಿಯರ್ ಅಂದುಕೊಂಡರೂ 1 ಮಿಲಿವೋಲ್ಟ್. ಅಪ್ಪನ ಹಾರ್ನಿಗೆ ಅದು ಲೆಕ್ಕಕ್ಕಿಲ್ಲ. ಕಿವಿಗೆ ಅಂಟಿಕೊಂಡ ಹೆಡ್‌ಫೋನಿಗೆ ಅದು ಜೇನುಹುಳ. ಪುಸ್ತಕದಲ್ಲಿ ಇದಕ್ಕೆ ‘ಸ್ಟಾರ್ ಗ್ರೌಂಡಿಂಗ್’ ಎಂದು ಹೆಸರು. ಅಪ್ಪನ ಬಾಯಲ್ಲಿ ‘ಒಂದೇ ಗಂಟು’. ರಾತ್ರಿ ಹನ್ನೊಂದೂವರೆಗೆ ಅಪ್ಪನೇ ಬೆಸುಗೆ ಹಾಕಿದ. ಜೇನುಹುಳ ಹಾರಿಹೋಯಿತು.

ಎಲ್ಲಿ ಗೆಜ್ಜೆ?

ಆ ಖುಷಿಯಲ್ಲಿ ನಾನು ಸ್ಟುಡಿಯೊದಲ್ಲಿ ಕೇಳಿದ್ದ ಅದೇ ಹಾಡು ಹಚ್ಚಿದೆ. "ಅಪ್ಪ, ಈಗ ನೋಡು, ಬಲಗಡೆ ಗೆಜ್ಜೆ ಬರುತ್ತೆ."

ಅಪ್ಪ ಕಣ್ಣು ಮುಚ್ಚಿ ಕೇಳಿದ. "ತಬಲಾ ಚೆನ್ನಾಗೈತೆ" ಅಂದ. ಮತ್ತೆ ಹಾಕಿದೆ. "ಎಲ್ಲಿ ಗೆಜ್ಜೆ?"

ಬಲಗಡೆ ತಂತಿ ಬಿಟ್ಟಿರಬೇಕೆಂದು ನಾನು ಹಾಕಿಕೊಂಡು ನೋಡಿದೆ. ಗೆಜ್ಜೆ ಘಲ್ ಘಲ್ ಅಂತಿತ್ತು. ಲ್ಯಾಬಿನ ಅಭ್ಯಾಸದಂತೆ ಹೆಡ್‌ಫೋನನ್ನು ಎಡ-ಬಲ ಅದಲುಬದಲು ಮಾಡಿ ಅಪ್ಪನಿಗೆ ಹಾಕಿದೆ. ತಪ್ಪು ಯಂತ್ರದ್ದಾದರೆ ಕಿವಿ ಬದಲಾಗಬೇಕು. ಬದಲಾಗಲಿಲ್ಲ. ಮೊಬೈಲಿನಲ್ಲಿ ಟೆಸ್ಟ್ ಟೋನ್ ಹಾಕಿದೆ. 500 ಹರ್ಟ್ಸಿಗೆ ಅಪ್ಪ ಬೆರಳೆತ್ತಿದ. 1000ಕ್ಕೆ ಎತ್ತಿದ. 2000ಕ್ಕೆ ಸ್ವಲ್ಪ ತಡವಾಗಿ ಎತ್ತಿದ. 4000ಕ್ಕೆ ಕೈ ತೊಡೆಯ ಮೇಲೇ ಇತ್ತು. 6000ಕ್ಕೂ ಹಾಗೇ. ಅದೇ ವಾಲ್ಯೂಮಿನಲ್ಲಿ ನನಗೆ ಸೂಜಿ ಚುಚ್ಚಿದ ಹಾಗೆ ಕೇಳಿಸುತ್ತಿದ್ದ ಸೀಟಿ ಅದು.

"ಶುರು ಮಾಡು" ಅಂದ ಅಪ್ಪ.

ನಾನು ಶುರು ಮಾಡಿ ಅರ್ಧ ನಿಮಿಷವಾಗಿತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿಂದಿನ ವರ್ಷದ ಒಂದು ಮದುವೆ ನೆನಪಾಗುತ್ತಿತ್ತು. ಅಪ್ಪ ಮಿಕ್ಸರಿನಲ್ಲಿ ಟ್ರೆಬಲ್ ಪೂರ್ತಿ ಏರಿಸಿದ್ದ. ಜನ ಕಿವಿಗೆ ಚುಚ್ಚುತ್ತದೆ ಅಂತ ಗೊಣಗಿದರು. ಹೆಣ್ಣಿನ ಕಡೆಯವರು ಸಿಟ್ಟಾಗಿ, ಮುಂದಿನ ತಿಂಗಳ ನಾಮಕರಣಕ್ಕೆ ಬೇರೆಯವರಿಗೆ ಹೇಳಿದರು. ನಾನು ಅಪ್ಪನ ಮೇಲೆ ರೇಗಿದ್ದೆ. "ನಿಂಗೆ ಮಿಕ್ಸಿಂಗ್ ಬರಲ್ಲ. ಕಾಲ ಬದಲಾಗಿದೆ, ಕಲೀಬೇಕು" ಅಂದಿದ್ದೆ, ಕೆಲಸದ ಹುಡುಗರ ಎದುರಿಗೇ. ಅಪ್ಪನಿಗೆ ಮಿಕ್ಸಿಂಗ್ ಬರುತ್ತಿತ್ತು. ಅವನ ಕಿವಿಗೆ ಯಾವುದು ಕಡಿಮೆ ಕೇಳುತ್ತಿತ್ತೋ ಅದನ್ನು ಸರಿಯಾಗಿಯೇ ಏರಿಸುತ್ತಿದ್ದ. ಅಮ್ಮ ಅಡುಗೆಮನೆಯಿಂದ ಕರೆದರೆ ಉತ್ತರ ಕೊಡದಿದ್ದದ್ದು, ಟಿವಿ ಜೋರು ಇಡುತ್ತಿದ್ದದ್ದು, ಫೋನಿನಲ್ಲಿ "ಹಾಂ? ಹಾಂ?" ಅನ್ನುತ್ತಿದ್ದದ್ದು ಎಲ್ಲ ಒಂದೊಂದಾಗಿ ಜೋಡಣೆಯಾಯಿತು. ಸ, ಶ, ಚ ಥರದ ಅಕ್ಷರಗಳ ಹರಿತ ಇರುವುದೇ ಆ ಮೇಲಿನ ಸ್ವರಗಳಲ್ಲಿ.

ಮೈಸೂರಿನ ಗ್ರಾಫು

ಮೊಬೈಲಿನ ಟೋನು ಡಾಕ್ಟರ್ ಅಲ್ಲ. ಸರಿಯಾದ ಪರೀಕ್ಷೆ ಆಗಬೇಕಿತ್ತು. ಅಪ್ಪ ಮೊದಲು ಒಪ್ಪಲಿಲ್ಲ. "ಮೈಕ್‌ಸೆಟ್ಟಿನವನಿಗೆ ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಯಾರು ಆರ್ಡರ್ ಕೊಡ್ತಾರೆ?" ಅಂದ. ಅದು ಬರೀ ಹಟವಲ್ಲ, ಹೊಟ್ಟೆಪಾಡಿನ ಮಾತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಅಮ್ಮ, "ನನ್ನ ಮಾತು ನಿಮಗೆ ಕೇಳಿಸ್ಲಿ ಅಂತಾದ್ರೂ ಹೋಗಿ ಬನ್ನಿ" ಅಂದಳು.

ಹಾಸನದ ಮೇಲೆ ಹೋಗುವ ರೈಲು ಹತ್ತಿ ಮೈಸೂರಿಗೆ ಹೋದೆವು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಸದ್ದು ನುಗ್ಗದ ಕೋಣೆಯಲ್ಲಿ ಅಪ್ಪನನ್ನು ಕೂರಿಸಿ ಹೆಡ್‌ಫೋನ್ ಹಾಕಿದರು. ಗಾಜಿನಾಚೆ ನಿಂತು ನೋಡುತ್ತಿದ್ದ ನನಗೆ ಅನ್ನಿಸಿದ್ದು: ಇದೂ ಹೆಡ್‌ಫೋನ್ ಆಂಪ್ಲಿಫೈಯರೇ. ಇಲ್ಲಿ ಪರೀಕ್ಷೆಗೆ ಕೂತಿರುವುದು ಮಾತ್ರ ಕಿವಿ.

ಕೊಟ್ಟ ಗ್ರಾಫು ನಮ್ಮ ಬೋಡೆ ಪ್ಲಾಟಿನ ಹಾಗೇ ಇತ್ತು. ಅಡ್ಡಕ್ಕೆ ಹರ್ಟ್ಸ್, ಉದ್ದಕ್ಕೆ ಡೆಸಿಬೆಲ್. ಎಡಗಡೆ, ಅಂದರೆ ಕೆಳಸ್ವರಗಳಲ್ಲಿ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. ಜೇನುಹುಳ ಕೇಳಿಸಿದ್ದು ಹೇಗೆ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು. 2000 ದಾಟಿದ ಮೇಲೆ ಗೆರೆ ಜೇನುಕಲ್ಲು ಬೆಟ್ಟದ ಇಳಿಜಾರಿನ ಥರ ಇಳಿದಿತ್ತು. ಎರಡೂ ಕಿವಿಯದು ಒಂದೇ ಕಥೆ. ವಯಸ್ಸಿನದೂ ಪಾಲಿದೆ, ಆದರೆ ಹೆಚ್ಚಿನದು ಸದ್ದಿನಿಂದ ಆದದ್ದು ಅಂದರು ಅಲ್ಲಿನ ತಜ್ಞರು. ಒಳಗಿವಿಯಲ್ಲಿರುವ ಕೂದಲೆಳೆಯಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸುಟ್ಟ ಯೂನಿಟ್ ಬದಲಿಸಿದ ಹಾಗೆ ಇದನ್ನು ಬದಲಿಸಲಾಗದು. ಶ್ರವಣ ಸಾಧನ ಹಾಕಬಹುದು, ಉಳಿದದ್ದನ್ನು ಕಾಪಾಡಬಹುದು.

ಕಾಪಾಡುವ ಲೆಕ್ಕ ನಮಗೂ ಗೊತ್ತಿರಬೇಕು ಗೆಳೆಯರೇ. ಕೆಲಸದ ಜಾಗಕ್ಕೆ ತಜ್ಞರು ಹೇಳುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100ಕ್ಕೆ ಬರುವ ಹೊತ್ತಿಗೆ ಉಳಿಯುವುದು ಬರೀ 15 ನಿಮಿಷ. ಅಪ್ಪ ಹಾರ್ನಿನ ಪಕ್ಕ ಇಡೀ ರಾತ್ರಿ ಕೂತಿದ್ದಾನೆ, ಇಪ್ಪತ್ತೆಂಟು ವರ್ಷ. ಹೆಡ್‌ಫೋನ್, ಇಯರ್‌ಫೋನಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಬಸ್ಸಿನ ಸದ್ದು ಮುಚ್ಚಲು ವಾಲ್ಯೂಮ್ ಕೊನೆಯ ಕಡ್ಡಿವರೆಗೆ ಏರಿಸುವ ನಾವು ಆ ಲೆಕ್ಕ ಯಾವಾಗ ಮಾಡಿದ್ದೇವೆ? ನನ್ನ ಡಬ್ಬಿಯ ನೂರು ಮಿಲಿವಾಟಿಗೆ ಅಪ್ಪ ನಕ್ಕಿದ್ದ. ಆದರೆ ಕಿವಿ ಕೆಡಿಸಲು ಅದರ ಕಾಲು ಭಾಗವೇ ಸಾಕು. ಅದಕ್ಕೇ ವಾಲ್ಯೂಮ್ ಗುಂಡಿ ಅರ್ಧಕ್ಕಿಂತ ಮೇಲೆ ತಿರುಗದಂತೆ ಒಂದು ಸಣ್ಣ ತಡೆ ಇಟ್ಟೆ. ಫೋನಿಟರ್‌ನಲ್ಲಿ ಇಲ್ಲದ, ನನ್ನದರಲ್ಲಿರುವ ಒಂದೇ ಸೌಲಭ್ಯ!

ಹನ್ನೆರಡು ಗಂಟೆಗೆ

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಹಮ್ ಇಷ್ಟು ಕಡಿಮೆ ಹೇಗೆ ಬಂತು?" ಅಂತ ಕೇಳಿದರು. "ಸ್ಟಾರ್ ಗ್ರೌಂಡಿಂಗ್ ಸರ್. ನಮ್ಮಪ್ಪ ಹೇಳಿಕೊಟ್ಟದ್ದು" ಅಂದೆ. "ಅಪ್ಪ ಯಾವ ಕಂಪನಿಯಲ್ಲಿ ಎಂಜಿನಿಯರ್?" ಅಂದರು. "ಸ್ವಂತ ಕಂಪನಿ ಸರ್" ಅಂದೆ.

ಅಪ್ಪ ಇನ್ನೂ ಶ್ರವಣ ಸಾಧನ ತೆಗೆದುಕೊಂಡಿಲ್ಲ. "ಈ ಸೀಸನ್ ಮುಗೀಲಿ" ಅನ್ನುತ್ತಿದ್ದಾನೆ. ಆದರೆ ಎರಡು ಬದಲಾವಣೆ ಆಗಿದೆ. ಹಾರ್ನಿನ ಹತ್ತಿರ ಕೂರುವಾಗ ನಾನು ತಂದುಕೊಟ್ಟ ಇಯರ್‌ಪ್ಲಗ್ ಹಾಕಿಕೊಳ್ಳುತ್ತಾನೆ. ಯಾರಾದರೂ ಕೇಳಿದರೆ "ಮಗ ಎಂಜಿನಿಯರ್, ಹೇಳವ್ನೆ" ಅನ್ನುತ್ತಾನಂತೆ. ಇನ್ನೊಂದು, ನಾವಿಬ್ಬರೂ ಕೂತು ಮಿಕ್ಸರಿನ ಟ್ರೆಬಲ್ ಗುಂಡಿಯ ಪಕ್ಕ ಕೆಂಪು ಇನ್ಸುಲೇಷನ್ ಟೇಪಿನ ಗುರುತು ಹಾಕಿದೆವು. ಗಡಿಯಾರದ ಹನ್ನೆರಡರ ಜಾಗಕ್ಕೆ. ಅಲ್ಲಿಂದ ಮೇಲೆ ಬೇಕಾದರೆ ಕೆಲಸದ ಹುಡುಗನನ್ನು ಜನರ ಮಧ್ಯೆ ನಿಲ್ಲಿಸಿ ಕೇಳಬೇಕು. ಹಮ್ ಬಂದರೆ ಮಾತ್ರ ಯಾರನ್ನೂ ಕೇಳಬೇಕಿಲ್ಲ. ಅದು ಅಪ್ಪನ ಇಲಾಖೆ.

ಕೆಲಸದ ಹುಡುಗರ ಎದುರು ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಮೈಸೂರಿನಿಂದ ಬರುವ ರೈಲಿನಲ್ಲಿ ಬಾಯಿ ತೆರೆದಿದ್ದೆ. ಅಪ್ಪ ಕಿಟಕಿ ಕಡೆ ತಿರುಗಿಕೊಂಡು, "ಏನಂದೆ? ಕೇಳಿಸ್ಲಿಲ್ಲ" ಅಂದ. ನಿಜವಾಗಿಯೂ ಕೇಳಿಸಲಿಲ್ಲವೋ, ಬೇಡ ಅಂತ ಹಾಗಂದನೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಮೊನ್ನೆ ಭಾನುವಾರ ರಾತ್ರಿ ಹಾಸ್ಟೆಲಿಗೆ ಫೋನ್ ಬಂತು. ಹಿಂದೆ ಮದುವೆಯ ಗದ್ದಲ, ಅದೇ ಹಳೆಯ ಹಾಡು.

"ಲೋ, ಟ್ರೆಬಲ್ ಹನ್ನೆರಡು ಗಂಟೆಗೆ ಇಟ್ಟಿದೀನಿ. ಗೆಜ್ಜೆ ಬರ್ತೈತಾ ಕೇಳಿ ಹೇಳು" ಅಂದು ಅಪ್ಪ ಫೋನನ್ನು ಸ್ಪೀಕರ್ ಕಡೆ ಹಿಡಿದ.

ಫೋನಿನಲ್ಲಿ ಸರಿಯಾಗಿ ಏನೂ ಗೊತ್ತಾಗುತ್ತಿರಲಿಲ್ಲ. ಆದರೂ ಕಿವಿಗೊಟ್ಟು ಕೇಳಿದೆ. ಚರಣ ಶುರುವಾಗುವ ಹೊತ್ತಿಗೆ ಬಲಗಡೆಯೋ ಎಡಗಡೆಯೋ, ಸಣ್ಣಗೆ ಇತ್ತು.

"ಬರ್ತಿದೆ ಅಪ್ಪಾ!" ಅಂತ ಜೋರಾಗಿ ಕೂಗಿದೆ. ಪಕ್ಕದ ಮಂಚದ ರೂಮ್‌ಮೇಟ್ ಎದ್ದು ಕೂತ.